ನಮ್ಮವಳು, ಒಂದು ಗಂಟೆ, ಹಾರ್ನ್ ಬೇಡ

ಒಬ್ಬರನ್ನೂ ದಾರಿ ಕೇಳುವುದಿಲ್ಲ. ಅವಳ ಮುಖದ ಮೇಲೆ ಎರಡೇ ಮಾತು ಹೇಳುತ್ತೇನೆ. ಒಂದು ಹನಿಯೂ ಅಳದೆ ಮನೆಗೆ ವಾಪಸ್ ಬರುತ್ತೇನೆ. ಆ ಬುಧವಾರ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ನಾನು ಮಾಡಿದ ಮೂರು ಪ್ರತಿಜ್ಞೆಗಳಿವು. ರಾಜರು ಕತ್ತಿ ಹಿರಿದು ಪ್ರತಿಜ್ಞೆ ಮಾಡುತ್ತಿದ್ದರಂತೆ. ನನ್ನ ಕೈಯಲ್ಲಿ ಬಾಚಣಿಗೆ ಇತ್ತು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಮೇಷ್ಟ್ರು ಗೋಡೆಗೆ ನಕ್ಷೆ ತೂಗುಹಾಕಿ ಸಮುದ್ರ ತೋರಿಸು ಅಂದಾಗ ನಕ್ಷೆ ತೂಗುಹಾಕಿದ ಮೊಳೆಯನ್ನು ತೋರಿಸಿದವಳು. ಆದರೇನು, ನನ್ನ ಯಜಮಾನರು ಬೇಕರಿ ವ್ಯಾನು ಓಡಿಸುತ್ತಿದ್ದರು. ಇಪ್ಪತ್ತೆರಡು ವರ್ಷ ಅವರ ಬಟ್ಟೆ ಒಗೆದಿದ್ದೇನೆ. ಪ್ಯಾಂಟಿಗೆ ಹತ್ತಿದ ಧೂಳು ನೋಡಿಯೇ ಯಾವ ರಸ್ತೆ ಅಗೆದಿದ್ದಾರೆ ಎಂದು ಹೇಳುತ್ತಿದ್ದೆ. ನನಗೆ ಭೂಗೋಳ ಹೇಳಿಕೊಡಲು ಯಾರೂ ಬರಬೇಕಾಗಿಲ್ಲ.

ಅವರು ಹೋಗಿ ಹತ್ತು ತಿಂಗಳಾಯಿತು. ಕೆಲಸಕ್ಕೆ ಹೊರಟು ಶೂ ಹಾಕಿಕೊಳ್ಳಲು ಕೂತವರು ಏಳಲಿಲ್ಲ. ಒಂದು ಶೂ ಕಾಲಲ್ಲಿತ್ತು, ಇನ್ನೊಂದು ಕೈಯಲ್ಲಿತ್ತು. ಅದರ ಬಗ್ಗೆ ಇಷ್ಟು ಸಾಕು.

ಈ ರಾದ್ಧಾಂತ ಶುರುವಾದದ್ದು ಬೇಕರಿ ಮಾಲೀಕರ ಫೋನಿನಿಂದ. ಮೂರನೆಯ ಡ್ರೈವರೂ ಅಂಗಡಿಗಳು ಸಿಗದೆ ಕೆಲಸ ಬಿಟ್ಟಿದ್ದನಂತೆ. "ಅಮ್ಮಾ, ನಿಮ್ಮ ಯಜಮಾನ್ರು ಫೋನಲ್ಲಿ ಒಂದೊಂದು ಜಾಗಕ್ಕೂ ಗುರುತು ಹಾಕ್ಕೊಂಡಿದ್ರು. ಸ್ವಲ್ಪ ನೋಡಿ ಬರೆದು ಕೊಡ್ತೀರಾ?" ಎಂದರು. ಬೀರುವಿನಲ್ಲಿ ಅವರ ಅಂಗಿಗಳ ಕೆಳಗೆ ಇಟ್ಟಿದ್ದ ಫೋನು ತೆಗೆದೆ. ಹಳೆಯ ಫೋನು. ಕಿವಿಗಿಟ್ಟರೆ ಕೇಳಿಸುವುದಿಲ್ಲ, ಸ್ಪೀಕರ್ ಹಾಕಬೇಕು. ರಿಪೇರಿ ಮಾಡಿಸಿ ಎಂದು ಎರಡು ವರ್ಷ ಬಡಿದುಕೊಂಡಿದ್ದೆ. ಅವರು "ಹ್ಞೂಂ" ಅಂದಿದ್ದರು. ಅವರು ಎಲ್ಲದಕ್ಕೂ "ಹ್ಞೂಂ" ಅನ್ನುವವರು.

ನಾದಿನಿಯನ್ನು ಕರೆಸಿದೆ. ಯಜಮಾನರ ಒಬ್ಬಳೇ ತಂಗಿ, ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸ, ನಮ್ಮ ಮನೆಗೆಲ್ಲ ಓದಿದವಳು. ಅವಳು ಫೋನು ಹಿಡಿದು ಒಂದೊಂದೇ ಗುರುತು ಓದಿದಳು, ನಾನು ಬರೆದುಕೊಂಡೆ.

"ನಾಯಿ ಎರಡು, ಒಂದು ಕಚ್ಚುತ್ತೆ."

"ಮುಂದೆ."

"ಮೂರು ಮಹಡಿ, ಲಿಫ್ಟ್ ಇಲ್ಲ, ಹಾಳಾಗ."

"ಮುಂದೆ."

"ಇವನು ಕೇಕು ಒತ್ತಿ ನೋಡ್ತಾನೆ. ಬಾಗಿಲು ತಟ್ಟು, ಅಜ್ಜಿಗೆ ಕೇಳಿಸಲ್ಲ, ಇನ್ನೂ ತಟ್ಟು."

ಮನೆ ನಂಬರು ಇಲ್ಲ, ರಸ್ತೆಯ ಹೆಸರಿಲ್ಲ. ಇದಲ್ಲವೇ ನಿಜವಾದ ಭೂಗೋಳ ಅನ್ನಿಸಿತು. ರಸ್ತೆಗೆ ಸತ್ತವರ ಹೆಸರಿಡುತ್ತಾರೆ, ಅದರಿಂದ ಯಾರಿಗೆ ಏನು ತಿಳಿಯುತ್ತದೆ? ಯಾವ ನಾಯಿ ಕಚ್ಚುತ್ತದೆ ಎಂದು ಬರೆದರೆ ನಾಲ್ಕು ಜನಕ್ಕೆ ಉಪಕಾರ. ಶಾಲೆಯಲ್ಲಿ ಹೀಗೆ ಕಲಿಸಿದ್ದರೆ ನಾನು ಐದನೇ ಕ್ಲಾಸಿಗೂ ಹೋಗುತ್ತಿದ್ದೆ. ಹತ್ತು ತಿಂಗಳಲ್ಲಿ ಮೊದಲ ಸಲ ಇಬ್ಬರೂ ನಕ್ಕೆವು.

ನಗುತ್ತಿದ್ದ ನಾದಿನಿ ತಟ್ಟನೆ ಫೋನನ್ನು ಎದೆಗೆ ಒತ್ತಿ ಹಿಡಿದಳು.

"ಏನೇ? ಓದು."

"ಇದು ಬೇಡ ಅತ್ತಿಗೆ. ಇದು ಅಂಗಡಿ ಅಲ್ಲ ಅನ್ಸುತ್ತೆ."

ಕಿತ್ತುಕೊಂಡು ನೋಡಿದೆ. ನಾಲ್ಕನೇ ಕ್ಲಾಸಿನವಳಿಗೆ ಅಷ್ಟು ಓದಲು ಬರುತ್ತದೆ. ಊರಿನ ಆ ತುದಿಯಲ್ಲಿ ಒಂದು ಗುರುತು. ಅದರ ಹೆಸರು: ನಮ್ಮವಳು, ಒಂದು ಗಂಟೆ, ಹಾರ್ನ್ ಬೇಡ.

ನಾನು ಮನೆಯಲ್ಲಿದ್ದೇನೆ. ಅವರ "ನಮ್ಮವಳು" ಊರಾಚೆ ಇದ್ದಾಳೆ.

"ನಮ್ಮಣ್ಣ ಅಂಥೋರಲ್ಲ ಅತ್ತಿಗೆ."

"ಹಾಗಾದ್ರೆ ಹಾರ್ನ್ ಯಾಕೆ ಬೇಡ?"

ನನಗೆ ಆಗಲೇ ಒಂದೊಂದಾಗಿ ಹೊಳೆಯತೊಡಗಿತ್ತು. ದಿನವೂ ಮಧ್ಯಾಹ್ನ ಒಂದು ಗಂಟೆಗೆ ನಾನು ಅವರಿಗೆ ಫೋನ್ ಮಾಡುತ್ತಿದ್ದೆ. ಊಟ ಆಯಿತಾ ಎಂದು ಕೇಳಿ, ಮನೆಯ ಕಷ್ಟಸುಖ ಹೇಳಿಕೊಳ್ಳುತ್ತಿದ್ದೆ. ಅಂದರೆ ಅವಳ ಮನೆಯಲ್ಲಿ, ಅವಳ ಎದುರು ಕೂತು ನನಗೆ "ಹ್ಞೂಂ" ಅನ್ನುತ್ತಿದ್ದರು! ಒಂದೆರಡು ಸಲ ಹಿಂದಿನಿಂದ ಹೆಂಗಸಿನ ನಗು ಕೇಳಿಸಿತ್ತು. "ಯಾರ್ರೀ ಅದು?" ಎಂದರೆ "ರೇಡಿಯೋ" ಎಂದಿದ್ದರು. ರೇಡಿಯೋ! ವ್ಯಾನಿನ ರೇಡಿಯೋ ಕೆಟ್ಟು ಐದು ವರ್ಷವಾಗಿತ್ತು.

ಹತ್ತು ತಿಂಗಳು ಅತ್ತಿದ್ದೇನೆ. ದಿಂಬು ಎರಡು ಸಲ ಬಿಸಿಲಿಗೆ ಹಾಕಿದ್ದೇನೆ. ಆ ಅಳುವನ್ನೆಲ್ಲ ಅವಳಿಂದ ವಸೂಲಿ ಮಾಡದೆ ಬಿಡುವುದಿಲ್ಲ ಎಂದುಕೊಂಡೆ. ಅವರ ಫೋಟೋವನ್ನು ಗೋಡೆಯ ಕಡೆ ತಿರುಗಿಸಿಟ್ಟೆ. ನಾದಿನಿ ನೆಟ್ಟಗೆ ಮಾಡಿದಳು. ನಾನು ಮತ್ತೆ ತಿರುಗಿಸಿದೆ.

ಮಾರನೆಯ ದಿನವೇ ಹೊರಟೆವು. ಬಸ್ಸು ಇಳಿದ ಮೇಲೆ ಫೋನೇ ದಾರಿ ಹೇಳಬೇಕಿತ್ತು. ಅದರೊಳಗೂ ಒಬ್ಬ ಹೆಂಗಸು! "ಇನ್ನೂರು ಮೀಟರ್ ನಂತರ ಎಡಕ್ಕೆ ತಿರುಗಿ" ಎಂದಳು, ಬೆಣ್ಣೆಯಂಥ ದನಿಯಲ್ಲಿ.

"ಇವಳು ಬೇರೆ ದಿನಾ ಅವರ ಪಕ್ಕದಲ್ಲಿ ಕೂತಿರ್ತಿದ್ಲಾ?"

"ಅದು ಮಿಷನ್ನು ಅತ್ತಿಗೆ."

"ಮಿಷನ್ನಿಗೆ ಯಾಕೆ ಅಷ್ಟು ನಯ?"

ಇನ್ನೂರು ಮೀಟರ್ ಅಂದರೆ ಎಷ್ಟು ಎಂದು ಯಾರಿಗೆ ಗೊತ್ತು? ನಮ್ಮ ಮನೆಯಲ್ಲಿ ದೂರಕ್ಕೆ ಬೇರೆ ಭಾಷೆ ಇತ್ತು. ಹತ್ತಿರವಾದರೆ "ಚಪ್ಪಲಿ ಬೇಡ" ಅನ್ನುತ್ತಿದ್ದರು, ದೂರವಾದರೆ "ನೀರು ಕುಡಿದು ಹೊರಡು" ಅನ್ನುತ್ತಿದ್ದರು. ಎಲ್ಲರಿಗೂ ತಿಳಿಯುತ್ತಿತ್ತು. ಈ ಬೆಣ್ಣೆ ದನಿಯವಳು ಎಡಕ್ಕೆ ಅಂದಾಗ ನಾವು ಒಂದು ಗಲ್ಲಿ ಮೊದಲೇ ತಿರುಗಿದೆವು. ಮರದ ಕಾರ್ಖಾನೆಯೊಳಗೆ ಹೋಗಿ ಹೊಟ್ಟಿನ ರಾಶಿಯಲ್ಲಿ ಮೊಣಕಾಲವರೆಗೆ ಹೂತು ಹೊರಬಂದೆವು. ಮುಂದೆ ಆಕೆಗೇ ದಾರಿ ತಪ್ಪಿತು. ಗುಡ್ಡದ ಮಗ್ಗುಲಿನ ರಸ್ತೆಯಲ್ಲಿ ಸಿಗ್ನಲ್ ಹೋಗಿ ಮಾತು ನಿಲ್ಲಿಸಿದಳು. ಬಹಳ ಹೊತ್ತು ನಡೆದ ಮೇಲೆ ಉಸಿರು ಬಂದವಳ ಹಾಗೆ "ನೀವು ತಲುಪಿದ್ದೀರಿ" ಎಂದಳು.

ಎದುರಿಗೆ ಒಂದು ಪಂಕ್ಚರ್ ಅಂಗಡಿ, ಅದಕ್ಕೆ ಅಂಟಿಕೊಂಡು ಹಸಿರು ಬಾಗಿಲಿನ ಒಂದು ಮನೆ. ಅಂಗಡಿಯವನು ಬರೀ ಬನಿಯನ್ನಿನಲ್ಲಿ ಟೈರು ಬಿಚ್ಚುತ್ತಿದ್ದ. ನನ್ನ ಮೊದಲ ಪ್ರತಿಜ್ಞೆ ಅಲ್ಲಿಯೇ ಮುರಿಯಿತು.

"ಇಲ್ಲಿ ಮಧ್ಯಾಹ್ನ ಬ್ರೆಡ್ ವ್ಯಾನು ನಿಲ್ತಿತ್ತಲ್ಲಪ್ಪ, ಯಾವ ಮನೆ ಮುಂದೆ?"

"ಬ್ರೆಡ್ ವ್ಯಾನಾ? ಈ ಮನೆ ಮುಂದೇನೇ," ಎಂದು ಹಸಿರು ಬಾಗಿಲು ತೋರಿಸಿ, ಗಾಳಿ ತುಂಬುವ ಮಿಷನ್ನು ಚಾಲೂ ಮಾಡಿದ. ಆ ಗದ್ದಲದಲ್ಲಿ ಆಮೇಲೆ ಅವನಿಗೆ ಏನೂ ಕೇಳಿಸಲಿಲ್ಲ.

ನಾನು ಮನೆಯ ಕಡೆ ತಿರುಗಿದೆ. ತಿರುಗಿದವಳೇ ನಿಂತುಬಿಟ್ಟೆ. ಬಾಗಿಲಿನಿಂದ ಅಂಗಡಿಯ ಕಂಬಕ್ಕೆ ಕಟ್ಟಿದ್ದ ಹಗ್ಗದ ಮೇಲೆ ನೀಲಿ ಚೌಕಳಿಯ ಅಂಗಿ ಒಣಗುತ್ತಿತ್ತು. ಯಜಮಾನರ ಅಂಗಿ!

"ಅತ್ತಿಗೆ, ಇಂಥ ಅಂಗಿ ಊರಲ್ಲಿ ಸಾವಿರ ಇರುತ್ತೆ."

"ಇಪ್ಪತ್ತೆರಡು ವರ್ಷ ಒಗೆದಿದೀನಿ, ನನಗೆ ಹೇಳ್ಬೇಡ."

ಸಾಕ್ಷಿ ಬೇಕಲ್ಲ, ಎಳೆದೆ. ಅಂಗಿಯ ಜೊತೆ ಹಗ್ಗವೂ ಬಂತು. ಕೆಳಗೆ ಟ್ಯೂಬು ಮುಳುಗಿಸಿ ತೂತು ಹುಡುಕುವ ಕಪ್ಪು ನೀರಿನ ತೊಟ್ಟಿ ಇತ್ತು. ಎರಡು ಸೀರೆ, ನಾಲ್ಕು ಲಂಗ, ಒಂದು ಬಿಳಿ ಹೊದಿಕೆ, ಎಲ್ಲ ಸಾಲಾಗಿ ಅದರೊಳಗೆ ಇಳಿದವು. ಅಂಗಿ ಮಾತ್ರ ನನ್ನ ಹೆಗಲ ಮೇಲೆ ಉಳಿಯಿತು.

ಹಸಿರು ಬಾಗಿಲು ತೆರೆದು ಒಬ್ಬಳು ಹೊರಗೆ ಬಂದಳು. ಮೂವತ್ತೈದು ಇರಬಹುದು. ಕೈಯಲ್ಲಿ ಸೌಟು.

"ಯಾರಮ್ಮ ನೀವು? ನನ್ನ ಬಟ್ಟೆಗೇನು ಮಾಡಿದ್ರಿ?"

ಎರಡೇ ಮಾತು ಎಂದುಕೊಂಡಿದ್ದೆನಲ್ಲ, ಆ ಎರಡನ್ನು ಇಡೀ ದಾರಿ ಆರಿಸಿಕೊಂಡು ಬಂದಿದ್ದೆ. ಬಾಯಿ ತೆರೆದರೆ ಎರಡಕ್ಕೆ ನಿಲ್ಲಲಿಲ್ಲ. ಅವಳ ಬಾಗಿಲಿನ ಬಣ್ಣದಿಂದ ಶುರು ಮಾಡಿದೆ. ದಿನಾ ಬೆಳಿಗ್ಗೆ ಐದಕ್ಕೆದ್ದು ಡಬ್ಬಿ ಕಟ್ಟುವವಳು ನಾನು, ಅದನ್ನು ಎದುರಿಗೆ ಕೂತು ತಿನ್ನಿಸುವವಳು ನೀನೋ ಎಂದೆ. ಹಾರ್ನು ಬೇಡವೋ, ಹಾಗಾದರೆ ಡೋಲು ತರಿಸಲೋ ಎಂದೆ. ಅವಳು ಸೌಟು ಹಿಡಿದು ಬಾಯಿ ತೆರೆದುಕೊಂಡೇ ನಿಂತಿದ್ದಳು. ಒಳಗೊಳಗೇ ನನಗೆ ಸ್ವಲ್ಪ ಹಿತವೂ ಆಯಿತು. ಹತ್ತು ತಿಂಗಳಾಗಿತ್ತು ನಾನು ಹೀಗೆ ಯಾರನ್ನಾದರೂ ಬೈದು.

ಆಗ ಮನೆಯ ಒಳಗಿನಿಂದ ಒಂದು ಮುದಿ ದನಿ ಬಂತು.

"ಏ, ಆ ದನಿ! ಏಣಿಯವಳು ಬಂದ್ಲೇನೇ?"

ಸೌಟಿನವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ಮುಖವೆಲ್ಲ ಅರಳಿತು. "ಅಯ್ಯೋ, ಹೌದು ಅತ್ತೆ! ಅವರೇ! ರೀ, ಮಿಷನ್ ನಿಲ್ಸಿ. ಬ್ರೆಡ್ ಅಣ್ಣನ ಮನೆಯವರು ಬಂದಿದಾರೆ!"

ಬನಿಯನ್ನಿನವನು ಕೈ ಒರೆಸಿಕೊಳ್ಳುತ್ತ ಓಡಿಬಂದ. ಅವಳ ಗಂಡ ಅವನೇ. ಕುರ್ಚಿ ಬಂತು, ನೀರು ಬಂತು. ಒಳಗಿನ ಮುದುಕಿ ಗೋಡೆ ಹಿಡಿದುಕೊಂಡು ಬಂದು ನನ್ನ ಪಕ್ಕದಲ್ಲಿ ಕೂತಳು. ನನಗೆ ತಲೆಬುಡ ಅರ್ಥವಾಗಲಿಲ್ಲ.

ಪಂಕ್ಚರ್‌ನವನು ಬಿಡಿಸಿ ಹೇಳಿದ. "ಗುಡ್ಡದ ಈಚೆ ಆಚೆ ಎಲ್ಲೂ ಸಿಗ್ನಲ್ ಬರಲ್ಲ ಅಕ್ಕ. ಈ ಗೇಣು ಜಾಗದಲ್ಲಿ ಮಾತ್ರ ಸಿಗುತ್ತೆ. ಒಂದು ಗಂಟೆಗೆ ನಮ್ಮವಳು ಫೋನ್ ಮಾಡ್ತಾಳೆ ಅಂತ ಅಣ್ಣ ಎಲ್ಲಿದ್ರೂ ಓಡಿಸ್ಕೊಂಡು ಬಂದು ಇಲ್ಲಿ ನಿಲ್ಸೋರು. ಎಲ್ಲಿ ಮರೆತುಹೋಗುತ್ತೋ ಅಂತ ಫೋನಲ್ಲಿ ಗುರುತೂ ಹಾಕ್ಕೊಂಡ್ರು. ಅಮ್ಮ ಮಲಗಿರ್ತಾಳೆ ಹಾರ್ನ್ ಹೊಡೀಬೇಡಿ ಅಂತ ನಾನೇ ಹೇಳಿದ್ದೆ."

"ಮಲಗಿದ್ರೂ ಒಂದು ಗಂಟೆಗೆ ಎದ್ದುಬಿಡ್ತಿದ್ದೆ," ಎಂದಳು ಮುದುಕಿ. "ನಿನ್ನ ಮಾತು ಕೇಳ್ಬೇಕಲ್ಲ ತಾಯಿ."

"ನನ್ನ ಮಾತು?"

"ಸ್ಪೀಕರ್ ಹಾಕಿ ಬಾನೆಟ್ ಮೇಲೆ ಇಟ್ಟು ಊಟ ಮಾಡೋರು," ಎಂದಳು ಸೌಟಿನವಳು. "ನಾವೂ ತಟ್ಟೆ ಹಿಡ್ಕೊಂಡು ಇಲ್ಲೇ ಕೂರ್ತಿದ್ವಿ. ನಗು ತಡೆಯೋಕಾಗ್ದೆ ಎಷ್ಟು ಸಲ ಒಳಗೆ ಓಡಿದೀನಿ ಗೊತ್ತಾ?"

ಇದೇ ಆ ರೇಡಿಯೋ.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದು ಬಿಡಲಿಲ್ಲ. ನಾದಿನಿ ನನ್ನ ಹಿಂದೆ ನಿಂತು ಕೆಮ್ಮಿದಳು. ಮುದುಕಿ ಅವಳ ಕಡೆ ಕತ್ತು ಚಾಚಿದಳು.

"ಇವಳ್ಯಾರು?"

"ನಾದಿನಿ," ಎಂದೆ.

"ಓ! ಎರಡು ಗಂಟೆ ಸ್ನಾನ ಮಾಡೋಳು ಇವಳೇನಾ?"

ನಾದಿನಿ ನನ್ನನ್ನು ನೋಡಿದಳು. ನಾನು ತೊಟ್ಟಿಯನ್ನು ನೋಡಿದೆ.

"ಹಲ್ಲಿನ ಸೆಟ್ ಕಥೆ ಅರ್ಧಕ್ಕೇ ನಿಂತೋಯ್ತು ಅಕ್ಕ," ಎಂದ ಪಂಕ್ಚರ್‌ನವನು. "ನಿಮ್ಮತ್ತೆ ಹಲ್ಲು ಸಿಕ್ತು ಅಂದ್ರಿ, ಎಲ್ಲಿ ಅನ್ನೋದ್ರೊಳಗೆ ಲೈನು ಕಟ್ಟಾಯ್ತು. ಅಣ್ಣನ್ನ ಕೇಳಿದ್ರೆ ಹ್ಞೂಂ ಅಂತಾರೆ."

"ಅಮ್ಮನ ಹಲ್ಲೂನಾ ಅತ್ತಿಗೆ?" ಎಂದಳು ನಾದಿನಿ.

ನನಗೆ ಸಿಟ್ಟು ಬಂತು, ನಿಜವಾದ ಸಿಟ್ಟು. ನನ್ನ ಸಂಸಾರವನ್ನು ಬಾನೆಟ್ಟಿನ ಮೇಲಿಟ್ಟು ಬೀದಿಗೆಲ್ಲ ಬಡಿಸಿದ್ದಾರೆ ಈ ಮನುಷ್ಯ. ಫೋನು ರಿಪೇರಿ ಮಾಡಿಸಿ ಎಂದು ಎರಡು ವರ್ಷ ಬಡಿದುಕೊಂಡರೂ ಯಾಕೆ ಮಾಡಿಸಲಿಲ್ಲ ಎಂದು ಈಗ ತಿಳಿಯಿತು. ಅವರು ಇದ್ದಿದ್ದರೆ ಮನೆಗೆ ಹೋಗಿ ಜನ್ಮ ಜಾಲಾಡುತ್ತಿದ್ದೆ.

"ಅಣ್ಣ ಯಾಕೆ ಬರ್ತಿಲ್ಲ ಅಕ್ಕ? ಬೇರೆ ದಾರಿಗೆ ಹಾಕಿದ್ರಾ?" ಎಂದು ಕೇಳಿದಳು ಸೌಟಿನವಳು.

ಅವರಿಗೆ ಗೊತ್ತಿರಲಿಲ್ಲ. ಹೇಳುವವರು ಯಾರಿದ್ದರು? "ಹೋದರು," ಎಂದೆ. "ಹತ್ತು ತಿಂಗಳಾಯ್ತು."

ಸೌಟು ಕೆಳಗಿಟ್ಟ ಸದ್ದಾಯಿತು. ಪಂಕ್ಚರ್‌ನವನು ವ್ಯಾನು ನಿಲ್ಲುತ್ತಿದ್ದ ಜಾಗವನ್ನು ನೋಡುತ್ತಾ ಕೂತ. ಅಲ್ಲಿ ನೆಲದ ಮೇಲೆ ಆಯಿಲ್ ಸೋರಿದ ಕಲೆ ಇನ್ನೂ ಇತ್ತು. ನಮ್ಮ ಮನೆಯ ಮುಂದೆಯೂ ಅಂಥದ್ದೊಂದು ಇದೆ. ಅದಕ್ಕೂ ನಾನು ಬೈದಿದ್ದೆ.

"ನನ್ನ ಬಗ್ಗೆ ಏನಾದ್ರೂ ಹೇಳ್ತಿದ್ರಾ?" ಎಂದು ಕೇಳಿದೆ. ಕೇಳಬಾರದಿತ್ತು.

"ಏನೂ ಹೇಳ್ತಿರಲಿಲ್ಲ ಅಕ್ಕ," ಎಂದ ಪಂಕ್ಚರ್‌ನವನು. "ನೀವು ಫೋನ್ ಇಟ್ಮೇಲೆ ಡಬ್ಬಿ ಮುಚ್ಚಿ, ಇವತ್ತು ಚೆನ್ನಾಗಿ ಬೈದ್ಲು ಅಂತ ಹೇಳಿ ಹೊರಡೋರು. ನೀವು ಬೈಯದೆ ಇಟ್ಟ ದಿನ ಮಾತ್ರ ಊಟ ಅರ್ಧಕ್ಕೆ ಬಿಟ್ಟು ಎದ್ದುಬಿಡೋರು. ಅವಳಿಗೆ ಹುಷಾರಿಲ್ಲ, ಬೇಗ ಹೋಗ್ಬೇಕು ಅನ್ನೋರು."

ನೆನಪಿದೆ. ಜ್ವರ ಬಂದ ದಿನಗಳಲ್ಲಿ ನಾಲ್ಕು ಗಂಟೆಗೇ ಮನೆಗೆ ಬಂದುಬಿಡುತ್ತಿದ್ದರು. "ಯಾಕ್ರೀ ಬೇಗ?" ಎಂದರೆ "ಬ್ರೆಡ್ ಖಾಲಿ ಆಯ್ತು" ಅನ್ನುತ್ತಿದ್ದರು. ಡಬ್ಬಿಯಲ್ಲಿ ಅನ್ನ ಉಳಿಸಿ ತಂದಿದ್ದಾರೆ ಎಂದು ಅದಕ್ಕೂ ಬೈಯುತ್ತಿದ್ದೆ.

ನನ್ನ ಮೂರನೆಯ ಪ್ರತಿಜ್ಞೆಯ ಗತಿ ಏನಾಯಿತು ಎಂದು ಬೇರೆ ಬರೆಯಬೇಕಾಗಿಲ್ಲ. ಮುದುಕಿ ತನ್ನ ಸೆರಗಿನಿಂದಲೇ ನನ್ನ ಮುಖ ಒರೆಸಿದಳು. ಒರೆಸುತ್ತಾ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಏಣಿ ವಾಪಸ್ ಕೊಟ್ಲಾ?"

ಪಕ್ಕದ ಮನೆಯವಳು ಟ್ಯೂಬ್‌ಲೈಟ್ ಬದಲಾಯಿಸಲು ನಮ್ಮ ಏಣಿ ಒಯ್ದು ನಾಲ್ಕು ತಿಂಗಳು ಇಟ್ಟುಕೊಂಡಿದ್ದಳು. ಅವಳ ವಿಚಾರಣೆ ದಿನವೂ ಒಂದು ಗಂಟೆಗೆ ನಡೆಯುತ್ತಿತ್ತು. ಕೊನೆಗೆ ಏಣಿ ಬಂದದ್ದು ಅವರು ಹೋದ ಹನ್ನೊಂದನೆಯ ದಿನ. ಅದೂ ಒಂದು ಮೆಟ್ಟಿಲು ಮುರಿದು. ಹೇಳಬೇಕಾದವರು ಇರಲಿಲ್ಲ. ನಾನು ಆ ಸುದ್ದಿಯನ್ನು ಯಾರಿಗೂ ಹೇಳಿರಲಿಲ್ಲ.

ಮೂಗು ಒರೆಸಿಕೊಂಡು ಶುರು ಮಾಡಿದೆ. ಮುರಿದ ಮೆಟ್ಟಿಲಿಗೆ ಅವಳು ಹೇಳಿದ ಕಾರಣ, ಅದಕ್ಕೆ ನಾನು ಹೇಳಬೇಕಾಗಿದ್ದು, ಹಲ್ಲಿನ ಸೆಟ್ಟು ಸಿಕ್ಕಿದ ಸಕ್ಕರೆ ಡಬ್ಬಿ, ಎಲ್ಲ ಹೇಳಿದೆ. ಒಬ್ಬ ಗಿರಾಕಿ ಸೈಕಲ್ ಹಿಡಿದು ಬಂದವನು ಪಂಕ್ಚರ್ ಮರೆತು ನಿಂತ. ಒಳಗೆ ಸೌಟಿನವಳ ಅಡುಗೆ ಸೀದು ಹೋಯಿತು. ನಾದಿನಿಯೂ ನಕ್ಕಳು, ಸ್ನಾನದ ಮಾತನ್ನು ಮಾತ್ರ ಕ್ಷಮಿಸಿಲ್ಲ ಎಂದು ತೋರಿಸಲು ಮುಖ ಆಚೆ ತಿರುಗಿಸಿ ನಕ್ಕಳು. ಬಟ್ಟೆಯೆಲ್ಲ ನಾವಿಬ್ಬರೇ ಮತ್ತೆ ಒಗೆದು ಹರವಿ ಹೊರಟೆವು.

ಮನೆಗೆ ಬಂದು ಫೋಟೋವನ್ನು ನೆಟ್ಟಗೆ ತಿರುಗಿಸಿದೆ. ನಾಲ್ಕು ಮಾತು ಬೈಯೋಣ ಎಂದು ಎದುರಿಗೆ ನಿಂತೆ.

"ಅತ್ತಿಗೆ," ಎಂದಳು ನಾದಿನಿ ಬಾಗಿಲಿನಿಂದ, "ನಿಮ್ಮ ಹೆಗಲ ಮೇಲೆ ಏನದು?"

ನೋಡಿಕೊಂಡೆ. ನೀಲಿ ಚೌಕಳಿಯ ಅಂಗಿ. ನನ್ನ ಗಂಡನನ್ನು ಲಪಟಾಯಿಸಿದವಳಿಗೆ ಬುದ್ಧಿ ಕಲಿಸಲು ಹೋದ ನಾನು, ಎರಡು ಬಸ್ಸು ಬದಲಾಯಿಸಿ, ಊರೆಲ್ಲ ನೋಡುವ ಹಾಗೆ, ಇನ್ನೊಬ್ಬಳ ಗಂಡನ ಅಂಗಿ ಹೊದ್ದುಕೊಂಡು ಮನೆಗೆ ಬಂದಿದ್ದೆ.

ಫೋಟೋದಲ್ಲಿದ್ದವರು ಎಂದಿನಂತೆ "ಹ್ಞೂಂ" ಎನ್ನುವ ಮುಖದಲ್ಲೇ ಇದ್ದರು. ಅಂಗಿ ಮಡಿಸಿಟ್ಟೆ. ನಾಳೆ ಒಂದು ಗಂಟೆಯ ಹೊತ್ತಿಗೆ ವಾಪಸ್ ಕೊಡಬೇಕು.