ಮಿಷನ್ನಿನ ಹೊಟ್ಟೆ ತುಂಬಿದಾಗ

೧. ಹೊಟ್ಟೆ

ನನ್ನ ಟೀ ಅಂಗಡಿ ಬೆಂಚಿನಲ್ಲಿ ಕೂತು ಆಟೋದವನು ಮೊಬೈಲ್ ಒತ್ತುತ್ತಿದ್ದ. ಜೂಜು. ಪರದೆಯಲ್ಲಿ ಮೂರು ಗಾಲಿ ತಿರುಗುತ್ತವೆ. ಮೂರರಲ್ಲೂ ಒಂದೇ ಹಣ್ಣು ನಿಂತರೆ ಕಾಸು ಬರುತ್ತದೆ, ಇಲ್ಲದಿದ್ದರೆ ಕಟ್ಟಿದ್ದು ಹೋಗುತ್ತದೆ. ಅವನು ಅದಕ್ಕೆ ಮಿಷನ್ ಅನ್ನುತ್ತಾನೆ. ಕಟ್ಟುತ್ತಿದ್ದುದು ಆಟೋದ ಎಫ್‌ಸಿ ಮಾಡಿಸಲು ಹೆಂಡತಿ ಹಾಲು ಮಾರಿ ಕೂಡಿಸಿದ ಹಣ. ಎಫ್‌ಸಿ ಅನ್ನುವ ಗಾಡಿ ತಪಾಸಣೆ ತಿಂಗಳೊಳಗೆ ಆಗದಿದ್ದರೆ ಆಟೋ ರಸ್ತೆಗೆ ಇಳಿಯುವಂತಿಲ್ಲ.

"ಸಾಕು ಬುಡ್ಲಾ" ಅಂದೆ.

"ಈಗ ಬುಡಾದಾ ಮಾವ? ಬೆಳಗ್ಗಿಂದ ಎಲ್ಲಾರ ಕಾಸೂ ತಿಂದು ಅದರ ಒಟ್ಟೆ ತುಂಬ್ಬುಟ್ಟದ. ಇನ್ನು ವಾಪಸ್ ಕೊಡ್ಲೇಬೇಕು."

"ಮೊನ್ನೆ ಬಂದ ಆನೇನೂ ನನ್ನ ಮರದ ಅಲಸಿನಣ್ಣೆಲ್ಲ ತಿಂತು."

"ಅದು ವಾಪಸ್ ಕೊಡ್ತದಾ?"

"ಕೊಡ್ತಲ್ಲ. ಮರದ ಬುಡದಲ್ಲೇ ಆಕಿ ಓಯ್ತು. ಗೊಬ್ಬರಕ್ಕಾಯ್ತು."

೨. ಟವರ್

ಅರ್ಧ ಹಣ ಹೋದ ಮೇಲೆ ಅವನಿಗೆ ಕಾರಣ ತಿಳಿಯಿತು. ಗಡಿಯ ನಮ್ಮೂರಲ್ಲಿ ಮೊಬೈಲು ಒಮ್ಮೆ ತಮಿಳುನಾಡಿನ ಟವರ್ ಹಿಡಿಯುತ್ತದೆ, ಒಮ್ಮೆ ಕರ್ನಾಟಕದ್ದು.

"ತಮಿಳುನಾಡು ಟವರ್ ಬಿಗಿಕೈ ಮಾವ. ಕರ್ನಾಟಕದ್ದು ಧಾರಾಳ."

ಸಕ್ಕರೆ ತರಲು ನಾನು ಅವನ ಆಟೋ ಹತ್ತಿದ್ದೆ. ಮಂಡಿನೋವಿಗೆ ತಾಳವಾಡಿ ಡಾಕ್ಟರನ್ನು ನೋಡಲು ಹೊರಟ ಅಜ್ಜಿಯೊಬ್ಬಳು ಪಕ್ಕದಲ್ಲಿದ್ದಳು. ಅವನು ನಮ್ಮಿಬ್ಬರನ್ನೂ ಕರ್ನಾಟಕದ ಗಡಿಗೆ ಕರೆದೊಯ್ದು, ಇಳಿದು, ಬದುವಿನ ಮೇಲೆ ನಿಂತು ಮೊಬೈಲ್ ಎತ್ತಿ ಹಿಡಿದ.

"ಡಾಕ್ಟ್ರು ಇಲ್ಲಿಗೇ ಬತ್ತರಾ?" ಅಜ್ಜಿ ಕೇಳಿದಳು.

ಸ್ವಲ್ಪ ಹೊತ್ತಿಗೆ ಅವನು ಮುಖ ಇಳಿಬಿಟ್ಟುಕೊಂಡು ಬಂದ.

"ಗಾಲಿ ತಿರುಗಾಗ ಕರ್ನಾಟಕವೇ ಇತ್ತು ಮಾವ. ನಿಲ್ಲಾ ಒತ್ಗೆ ತಮಿಳುನಾಡು ಬಂದ್ಬುಡ್ತು."

ಅಜ್ಜಿ ಮಂಡಿ ನೀವಿಕೊಂಡಳು. "ಇದುಕ್ಕೆ ಯಾವ ಟವರ್ ಒಳ್ಳೇದು, ಅದ್ನೂ ಏಳ್ಬುಡ್ಲಾ."

೩. ಕೈಗುಣ

ಕೊನೆಗೆ ತಪ್ಪು ತನ್ನ ಕೈಯದೇ ಎಂದು ಕಂಡುಕೊಂಡ. ಮೊದಲೇ ಹೇಳಿದ್ದರೆ ನಾನೂ ಒಪ್ಪುತ್ತಿದ್ದೆ.

ಅಂಗಡಿಗೆ ಹಾಲು ತರಲು ಬೆಳಿಗ್ಗೆ ಅವರ ಮನೆಗೆ ಹೋಗಿದ್ದೆ. ಹೆಂಡತಿ ಹಾಲು ಕರೆಯುತ್ತಿದ್ದಳು. ಇವನು ಹಸುವಿನ ಮೂತಿಗೆ ಮೊಬೈಲ್ ಹಿಡಿದುಕೊಂಡು ನಿಂತಿದ್ದ.

"ಏನ್ಲಾ ಇದು?"

"ಒಸ ಮನೆಗೆ ಮೊದ್ಲು ನುಗ್ಗಿಸಾದು ಅಸುನೇ ತಾನೇ ಮಾವ? ಇದುಕ್ಕೂ ಅಂಗೇ. ಉಳಿದಿರಾದನ್ನ ಇದ್ರ ಕೈಲೇ ಆಡುಸ್ತೀನಿ."

ಹಸು ನೆಕ್ಕಿತು. ಗಾಲಿ ತಿರುಗಿತು. ಮೂರು ಮಾವಿನಹಣ್ಣು. ಎಫ್‌ಸಿಗೆ ಸಾಲುವಷ್ಟು ಬಂದು ಮಿಕ್ಕಿತು.

"ಸಾಕು, ಕೊಡವ್ವ" ಎಂದು ಅವನು ಮೊಬೈಲ್ ಎಳೆದುಕೊಳ್ಳಲು ಹೋದ. ದಿನಗಟ್ಟಲೆ ಬೆವತ ಅಂಗೈಯಲ್ಲಿ ಹಿಡಿದ ಮೊಬೈಲು, ಉಪ್ಪುಪ್ಪು. ಹಸು ರುಚಿ ಕಂಡಿತ್ತು. ಅವನು ಎಳೆದಷ್ಟೂ ಕತ್ತು ಚಾಚಿ, ಅವನ ಕೈಸಮೇತ ನೆಕ್ಕಿತು. ಒಂದೊಂದು ನೆಕ್ಕಿಗೂ ಗಾಲಿ ಒಂದೊಂದು ಸಲ ತಿರುಗಿತು.

"ಅಸುನ ಅಲ್ಲಾಡುಸ್ಬ್ಯಾಡಿ, ಆಲು ಇಳೀತಾ ಅದ" ಎಂದಳು ಹೆಂಡತಿ, ಕೆಳಗಿನಿಂದ.

ಅವಳು ಕರೆದು ಮುಗಿಸುವಾಗ ಮೊಬೈಲಿನಲ್ಲಿ ಏನೂ ಉಳಿದಿರಲಿಲ್ಲ. ಅವನು ತೋರಿಸಿದ. ಅವಳು ನೋಡಿದಳು.

"ಅದುಕ್ಕಾದ್ರೂ ಉಪ್ಪು ಸಿಕ್ತು" ಎಂದು ನನ್ನ ಪಾತ್ರೆಗೆ ಹಾಲು ಅಳೆದಳು.

ಈಗ ಆಟೋ ಕೊಟ್ಟಿಗೆಯಲ್ಲಿದೆ. ಅವನು ಹಾಲಿನ ಕ್ಯಾನು ಹೊತ್ತು ನನ್ನ ಅಂಗಡಿಗೆ ನಡೆದು ಬರುತ್ತಾನೆ.