ದೊಡ್ಡವ್ವನ ಕಣ್ಣಿನ ಹಸಿರು

ವಾದದಲ್ಲಿ ಗೆದ್ದವರಿಗೆ ಕಾಲೇಜಿನಲ್ಲಿ ಬಹುಮಾನ ಕೊಡುತ್ತಾರೆ, ಮನೆಯಲ್ಲಿ ಊಟ ಬಡಿಸುವುದಕ್ಕೂ ಹಿಂದೆಮುಂದೆ ನೋಡುತ್ತಾರೆ. ಪರ, ವಿರೋಧ ಎರಡೂ ಕಡೆ ನಿಂತು ಚರ್ಚಾಸ್ಪರ್ಧೆ ಗೆದ್ದು ಬೆಳೆದವಳು ನಾನು. ದೇವರ ಹೂ ಬಲಕ್ಕೆ ಬಿದ್ದರೆ ಶುಭ ಎಂದವರನ್ನು ಎಡಕ್ಕೆ ಬೀಳುವ ಹೂವಿನ ತಪ್ಪೇನು ಎಂದು ಕೇಳಿ ಅಳಿಸಿದ್ದೇನೆ. ನಮ್ಮ ದೊಡ್ಡವ್ವ ನನಗೆ ಲಾಯರಮ್ಮ ಎಂದೇ ಹೆಸರಿಟ್ಟಿದ್ದಳು. "ಮಾತಿನಾಗ ಗೆಲ್ತಿ ಖರೆ, ಆಮ್ಯಾಲ ಒಬ್ಬಾಕಿನ ಕುಂದ್ರತಿ ನೋಡು" ಎನ್ನುತ್ತಿದ್ದಳು. ಸಾಕ್ಷ್ಯವಿಲ್ಲದ ಹೇಳಿಕೆ ಎಂದು ನಾನು ಅದನ್ನು ತಳ್ಳಿಹಾಕಿದ್ದೆ.

ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ. ರಾಯದುರ್ಗದ ಬಜಾರಿನಲ್ಲಿ ಅವಳದೊಂದು ಮ್ಯಾಚಿಂಗ್ ಸೆಂಟರ್. ಸೀರೆ ಹಿಡಿದು ಬಂದವರಿಗೆ ಅದೇ ಬಣ್ಣದ ರವಿಕೆ ಬಟ್ಟೆ ಹುಡುಕಿ ಕೊಡುವ ಅಂಗಡಿ. ಹಸಿರಿನಲ್ಲೇ ಗಿಳಿ, ಪಾಚಿ, ಮಾವಿನೆಲೆ, ನವಿಲು ಎಂದು ಒಂದು ಕುಲವೇ ಅಲ್ಲಿದೆ. ಒಳಗೆ ಎಷ್ಟೇ ಟ್ಯೂಬ್‌ಲೈಟ್ ಹಾಕಿದ್ದರೂ ದೊಡ್ಡವ್ವ ಅದರ ಕೆಳಗೆ ಬಣ್ಣ ಒಪ್ಪಿಸಿದವಳಲ್ಲ. "ಹೊರಗ ಬರ್ರಿ, ಬಿಸಿಲಾಗ ನೋಡ್ರಿ" ಎಂದು ಗಿರಾಕಿಯನ್ನು ಹೊಸ್ತಿಲಿಗೆ ಕರೆದೊಯ್ದು, ಸೀರೆಯ ಮೇಲೆ ಬಟ್ಟೆ ಹಾಸಿ, "ಈಗ ಹೇಳ್ರಿ" ಎನ್ನುವಳು. ಇದು ಮೂಢನಂಬಿಕೆ ಇರಬಹುದೆಂದು ನಾನು ತನಿಖೆ ಮಾಡಿದೆ. ಅಲ್ಲವೆಂದು ತಿಳಿದು ಸ್ವಲ್ಪ ಬೇಸರವೂ ಆಯಿತು. ಒಂದು ದೀಪದ ಕೆಳಗೆ ಜೋಡಿಯಾದ ಬಣ್ಣಗಳು ಇನ್ನೊಂದರ ಕೆಳಗೆ ಬೇರೆಯಾಗುವುದುಂಟು.

ಈಗ ಸಂಕಟಕ್ಕೆ ಬರುತ್ತೇನೆ. ತಂಗಿ ಗಿರಿಜೆಯ ಮದುವೆ ಅಮರಾಪುರದ ಹುಡುಗನೊಂದಿಗೆ ಗೊತ್ತಾಯಿತು. ಧಾರೆಗೆ ಅವ್ವನ ಹಸಿರು ರೇಷ್ಮೆ ಸೀರೆಯನ್ನೇ ಉಡುತ್ತೇನೆ ಎಂದು ಅವಳ ಹಟ. ಸೀರೆ ಇತ್ತು, ರವಿಕೆ ಇರಲಿಲ್ಲ. ಅದು ಅವ್ವನ ಜೊತೆಗೇ ಹೋಗಿತ್ತು. ಅವ್ವನನ್ನು ಮಣ್ಣು ಮಾಡುವ ದಿನ, ಗಾಬರಿಯಲ್ಲಿ ಯಾರೋ ಕೈಗೆ ಸಿಕ್ಕ ಹಸಿರು ರವಿಕೆ ತೊಡಿಸಿ, ಮೇಲೆ ಕೆಂಪು ಸೀರೆ ಉಡಿಸಿಬಿಟ್ಟಿದ್ದರು. ಎಲ್ಲರೂ ಅವ್ವನಿಗಾಗಿ ಅಳುತ್ತಿದ್ದರೆ ದೊಡ್ಡವ್ವ ರವಿಕೆಗಾಗಿ ಅತ್ತಳು. "ಊರಿಗೆಲ್ಲ ಮ್ಯಾಚಿಂಗ್ ಕೊಟ್ಟೆ, ನನ್ ತಂಗಿನ ಹಿಂಗ ಕಳಿಸಿದೆನಲ್ಲ" ಎಂದು ಎದೆ ಬಡಿದುಕೊಂಡಳು. ಅಲ್ಲಿದ್ದ ಕೆಲವರು ಸೆರಗು ಬಾಯಿಗೆ ಹಿಡಿದದ್ದು ಅಳು ತಡೆಯಲೋ ನಗು ತಡೆಯಲೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಆದ್ದರಿಂದ ಗಿರಿಜೆಯ ರವಿಕೆಯನ್ನು ದೊಡ್ಡವ್ವ ತಾನೇ ಆರಿಸಿದಳು. ಅಂಗಡಿಯ ಬಟ್ಟೆಯ ತಾನುಗಳನ್ನೆಲ್ಲ ಉರುಳಿಸಿ, ಒಂದೊಂದನ್ನೂ ಹೊಸ್ತಿಲಿಗೆ ಒಯ್ದು, ಕೊನೆಗೆ ಒಂದು ತುಂಡು ಕತ್ತರಿಸಿ ಕಾಗದದಲ್ಲಿ ಸುತ್ತಿಕೊಟ್ಟಳು. "ತಗೋ, ಒಂದ ತಾಯಿ ಮಕ್ಕಳಿದ್ದಂಗ ಅದಾವು" ಎಂದಳು. ಮನೆಗೆ ತಂದು ಬಿಚ್ಚಿದರೆ ಸೀರೆ ಗಿಳಿ ಹಸಿರು, ಬಟ್ಟೆ ನವಿಲು ಬಣ್ಣ.

ನಾನು ಅದೇ ಊರಿನ ಒಂದು ಕಾಲೇಜಿನ ರಸಾಯನ ಪ್ರಯೋಗಾಲಯದಲ್ಲಿ ಮಕ್ಕಳಿಗೆ ಕಲರಿಮೀಟರ್ ತೋರಿಸುವವಳು. ಅದೊಂದು ಸಣ್ಣ ಪೆಟ್ಟಿಗೆ. ಒಂದು ಕಡೆ ದೀಪ, ಎದುರಿಗೆ ಬೆಳಕು ಅಳೆಯುವ ಕಣ್ಣು, ನಡುವೆ ಗಾಜಿನ ನಳಿಗೆ. ಮೊದಲು ಬರೀ ನೀರಿಟ್ಟು ಸೊನ್ನೆ ಮಾಡಿಕೊಳ್ಳಬೇಕು. ಅದನ್ನು ಬ್ಲ್ಯಾಂಕ್ ಎನ್ನುತ್ತೇವೆ. ಆಮೇಲೆ ಬಣ್ಣದ ನೀರು. ಬಣ್ಣ ಗಾಢವಾದಷ್ಟೂ, ದಾಟಬೇಕಾದ ದಾರಿ ಉದ್ದವಾದಷ್ಟೂ ಹೆಚ್ಚು ಬೆಳಕು ಒಳಗೇ ಉಳಿದುಬಿಡುತ್ತದೆ. ಪೆಟ್ಟಿಗೆಯ ಆಸಕ್ತಿಯೆಲ್ಲ ಬಾರದೆ ಹೋದ ಬೆಳಕಿನ ಮೇಲೆ. ನನ್ನ ಸ್ವಭಾವಕ್ಕೂ ಅದು ಒಪ್ಪುತ್ತದೆ.

ಸೀರೆಯ ಒಳಮಡಿಕೆಯಿಂದ ಒಂದಿಷ್ಟು ಎಳೆ, ರವಿಕೆ ಬಟ್ಟೆಯಿಂದ ಒಂದಿಷ್ಟು ಎಳೆ ಕಿತ್ತು, ಬೇರೆ ಬೇರೆ ಬಿಸಿನೀರಿಗೆ ಹಾಕಿ ಬಣ್ಣ ಇಳಿಸಿದೆ. ಕೆಂಪು ಬೆಳಕು ಹಾಯಿಸಿದರೆ ಎರಡೂ ಒಂದೇ ಸಮ ನುಂಗಿದವು. ನೀಲಿ ಬೆಳಕು ಹಾಯಿಸಿದೆ. ಸೀರೆಯ ಬಣ್ಣ ಅದನ್ನೂ ನುಂಗಿತು, ರವಿಕೆಯ ಬಣ್ಣ ಧಾರಾಳವಾಗಿ ಬಿಟ್ಟುಕೊಟ್ಟಿತು. ವ್ಯತ್ಯಾಸವೆಲ್ಲ ನೀಲಿಯಲ್ಲಿತ್ತು. ಗೆದ್ದೆ ಎಂದುಕೊಂಡೆ. ಮರುಕ್ಷಣ ತಿಳಿಯಿತು, ನಾನು ಅಳೆದದ್ದು ದೊಡ್ಡವ್ವನ ಕಣ್ಣನ್ನು. ವಯಸ್ಸಿಗೆ ಪೊರೆ ಬಂದು ಹಳದಿಗಟ್ಟಿದ ಕಣ್ಣು ನೀಲಿಯನ್ನು ಬಾಗಿಲಲ್ಲೇ ನುಂಗಿಬಿಡುತ್ತದೆ. ಅವಳ ಪಾಲಿಗೆ ಎರಡೂ ಹಸಿರೇ. ವರ್ಷಗಟ್ಟಲೆ ನಿಧಾನವಾಗಿ ಆದದ್ದರಿಂದ ಅವಳಿಗೇ ಗೊತ್ತಾಗಿಲ್ಲ. ಸೊನ್ನೆಯೇ ಜರುಗಿದರೆ ಯಾರಿಗೆ ಗೊತ್ತಾಗುತ್ತದೆ? ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ಅವ್ವನಿಲ್ಲದ ಮನೆಯನ್ನೇ ಸೊನ್ನೆ ಮಾಡಿಕೊಂಡು ನಾವು ಚೆನ್ನಾಗಿದ್ದೇವೆ ಎಂದು ಓದಿಕೊಳ್ಳುತ್ತಿದ್ದೆವು. ಮದುವೆಯ ಮಾತು ಬಂದು, ಸೀರೆ ಪೆಟ್ಟಿಗೆಯಿಂದ ಹೊರಬಂದ ಮೇಲೆಯೇ ಎಷ್ಟು ಕಡಿಮೆ ಇದೆ ಎಂದು ಕಂಡದ್ದು.

ಗಿರಿಜೆಗೆ ಎಲ್ಲವನ್ನೂ ವಿವರಿಸಿ ಹೇಳಿದೆ. ಅವಳು ಬಟ್ಟೆಯನ್ನು ಮಡಿಸುತ್ತ, "ಅಕ್ಕ, ಬಣ್ಣ ಬ್ಯಾರೆ ಅಂತ ನನಗೂ ಕಾಣ್ತೈತಿ. ಆದ್ರ ದೊಡ್ಡವ್ವ ಕೊಟ್ಟಾಳ, ನಾ ಇದನ್ನ ಹಾಕ್ಕಂತೀನಿ" ಎಂದಳು.

"ಹಂಗಂದ್ರ ಆಕಿಗೆ ಕಣ್ಣು ತೋರಿಸೋದು ಬ್ಯಾಡೇನು?"

"ತೋರಿಸು. ಮದುವಿ ಆಗಲಿ. ಈಗ ಹೇಳಿದ್ರ ಆಕಿ ಮದುವಿಗೂ ಬರಂಗಿಲ್ಲ, ಅಂಗಡ್ಯಾಗೂ ಕುಂದ್ರಂಗಿಲ್ಲ."

ತರ್ಕವೇ ಇಲ್ಲದ ಮಾತು. ಪ್ರತಿವಾದ ಸಿದ್ಧಪಡಿಸಿಕೊಂಡು ನಾನು ಅಂಗಡಿಗೆ ನಡೆದೆ. ಪ್ರಸ್ತಾವನೆ, ಸಾಕ್ಷ್ಯ, ಉಪಸಂಹಾರ ಎಲ್ಲ ತಯಾರಿತ್ತು. ಎರಡು ಬಣ್ಣದ ನೀರಿನ ಸೀಸೆಗಳೂ ಚೀಲದಲ್ಲಿದ್ದವು. ದೊಡ್ಡವ್ವ ಹೊಸ್ತಿಲ ಬಿಸಿಲಿನಲ್ಲಿ ಕುಳಿತು, ಉಳಿದ ಚೂರು ಬಟ್ಟೆಯನ್ನು ತೊಡೆಯ ಮೇಲೆ ಹಾಸಿ ಸವರುತ್ತಿದ್ದಳು. ನನ್ನ ನೆರಳು ಬಿದ್ದದ್ದೇ ತಲೆಯೆತ್ತಿದಳು.

"ಲಾಯರಮ್ಮ ಬಂದ್ಯೇನು? ನೀ ಎಲ್ಲದರಾಗೂ ತಪ್ಪು ಹುಡುಕಾಕಿ. ಖರೆ ಹೇಳು, ಈ ಸಲ ತಪ್ಪಿಲ್ಲ ಹೌದಿಲ್ಲೋ?"

ನಾನು ಬಾಯಿ ತೆರೆದೆ.

"ಇಲ್ಲ ದೊಡ್ಡವ್ವ. ತಪ್ಪಿಲ್ಲ."

"ಹಂಗಾರ ಆತು ಬಿಡು" ಎಂದಳು. ಆ ಚೂರಿನಿಂದಲೇ ಕಣ್ಣೊರೆಸಿಕೊಂಡಳು.

ಮದುವೆಯಲ್ಲಿ ಗಂಡಿನ ಸೋದರತ್ತೆಯೊಬ್ಬರು ನನ್ನ ಪಕ್ಕದಲ್ಲಿ ಕೂತು, "ಯಾಕಮ್ಮಿ, ರವಿಕೆ ಬ್ಯಾರೆ ಬಣ್ಣ ಐತಲ್ಲ?" ಎಂದರು. ಕಾಂಟ್ರಾಸ್ಟು, ಈಗ ಅದೇ ನಡೆಯುವುದು ಎಂದೆ. "ಕಾಂಟ್ರಾಸ್ಟು ನಾನೂ ನೋಡಿವ್ನಿ ಕಣಮ್ಮಿ. ಅದು ದೂರ ಇರ್ತೈತೆ. ಇದು ಹತ್ರಕ್ ಬಂದು ತಪ್ಪೋಗೈತೆ" ಎಂದರು. ಅಂಥ ತೀರ್ಪುಗಾರರು ನನ್ನ ಕಾಲದ ಸ್ಪರ್ಧೆಗಳಲ್ಲಿ ಇರಲಿಲ್ಲ ಎನ್ನುವುದು ನನ್ನ ಭಾಗ್ಯ. ಎದುರಿನ ಸಾಲಿನಲ್ಲಿ ದೊಡ್ಡವ್ವ, ಧಾರೆಯ ನೀರಿಗಿಂತ ರವಿಕೆಯ ತೋಳನ್ನೇ ನೋಡುತ್ತ, ತೃಪ್ತಿಯಿಂದ ತಲೆದೂಗುತ್ತಿದ್ದಳು.

ಮದುವೆ ಮುಗಿದ ಮೇಲೆ, ದೂರದ ಬೋರ್ಡು ಓದಲಾಗುತ್ತಿಲ್ಲ ಎಂಬ ನೆಪ ತೆಗೆದು ದೊಡ್ಡವ್ವನನ್ನು ಬಳ್ಳಾರಿಗೆ ಕರೆದೊಯ್ದು ಕಣ್ಣಿನ ಪೊರೆ ತೆಗೆಸಿದೆ. ಪಟ್ಟಿ ಬಿಚ್ಚಿ ಮನೆಗೆ ಬಂದವಳು, "ಅಯ್ಯ, ಟ್ಯೂಬ್‌ಲೈಟು ಇಷ್ಟು ನೀಲಿ ಇತ್ತೇನ?" ಎಂದು ಮೇಲೆ ನೋಡುತ್ತ ನಿಂತಳು. ಆಮೇಲೆ ಮದುವೆಯ ಆಲ್ಬಮ್ ಕೇಳಿದಳು. ಅದನ್ನು ಅಡಗಿಸಿಡುವ ಬುದ್ಧಿ ನನಗೆ ಬಂದಿರಲಿಲ್ಲ. ಹೊಸ್ತಿಲಿಗೆ ಒಯ್ದು, ಬಿಸಿಲಿಗೆ ಹಿಡಿದು ನೋಡಿದಳು.

"ಇದು ನಾ ಕೊಟ್ಟಿದ್ದೇನ?"

"ಅಲ್ಲ ದೊಡ್ಡವ್ವ. ನೀ ಕೊಟ್ಟಿದ್ದು ಹೊಲಿಯೋನು ಕೆಡಿಸಿಬಿಟ್ಟ. ನಿನಗ ಹೇಳಲಿಲ್ಲ. ನಾನ ಬ್ಯಾರೆ ತಂದೆ."

"ನಿನ್ ಕಾಲೇಜಿನ ಮಿಷನ್ನಾಗ ನೋಡಿ ತಂದ್ಯೇನು?"

"ಹೌದು."

ಅವಳು ಆಲ್ಬಮ್ ಮುಚ್ಚಿದಳು. "ಮೊದ್ಲು ಆ ಮಿಷನ್ನಿಗೆ ಆಪರೇಷನ್ ಮಾಡ್ಸವ್ವ" ಎಂದಳು.

ಮರುದಿನ ಅಂಗಡಿಗೆ ಹೋದರೆ ನವಿಲು ಬಣ್ಣದ ಆ ತಾನು ಅದರ ಜಾಗದಲ್ಲಿರಲಿಲ್ಲ. ಕೆಳಗಿನ ಖಾನೆಯಲ್ಲಿ, ಅಸ್ತರಿನ ಬಟ್ಟೆಗಳ ಹಿಂದೆ, ಮುಖ ತಿರುಗಿಸಿ ಇಟ್ಟಂತಿತ್ತು. ಈಗ ಗಿರಾಕಿಗಳು ಎರಡು ಹಸಿರು ಹಿಡಿದು ನನ್ನ ಕಡೆ ತಿರುಗಿದರೆ ದೊಡ್ಡವ್ವ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೂಗುತ್ತಾಳೆ: "ಆಕಿನ್ನ ಕೇಳಬ್ಯಾಡ್ರಿ, ಆಕಿಗೆ ಬಣ್ಣ ತಿಳಿಯಂಗಿಲ್ಲ." ಎಲ್ಲರೂ ನಗುತ್ತಾರೆ. ಸಾಕ್ಷ್ಯವಿಲ್ಲದ ಹೇಳಿಕೆ. ನಾನು ಎದ್ದು ನಿಂತು ಪೂರ್ತಿ ಬೆಂಬಲಿಸುತ್ತೇನೆ.