ಸರ್ ರೋಜರ್‌ಗೆ ನಾನು ಮಾಡಿಸಿದ ಮದುವೆ

ಇಂಗ್ಲೆಂಡಿನ ಚರಿತ್ರೆಯನ್ನು ಇಂಗ್ಲಿಷಿನವರಿಗೇ ಕಲಿಸುವ ಯೋಗ್ಯತೆ ನನಗಿದೆ ಎಂಬುದರಲ್ಲಿ ನನಗೆಂದೂ ಸಂಶಯವಿರಲಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಬೆನಿಟಾ ರೂಲರ್ ಹಿಡಿದು ನಿಂತರೆ ಸಾಕು, ಎಡ್ವರ್ಡ್ ದಿ ಫಸ್ಟ್, ಎಡ್ವರ್ಡ್ ದಿ ಸೆಕೆಂಡ್, ಎಡ್ವರ್ಡ್ ದಿ ಥರ್ಡ್ ಎಂದು ಉಸಿರು ಬಿಡದೆ ಒಪ್ಪಿಸುತ್ತಿದ್ದೆ. ಆ ಕ್ಲಾಸಿನ ಕಿಟಕಿಯಿಂದ ತೇಲಿ ಬರುತ್ತಿದ್ದ ಸಂಪಿಗೆಯ ವಾಸನೆ ಈಗಲೂ ಮೂಗಿನಲ್ಲಿದೆ.

ಆದರೆ ಇಲ್ಲಿ ಇಂಗ್ಲೆಂಡಿನಲ್ಲಿ, ಅಕ್ಸ್‌ಬ್ರಿಡ್ಜ್ ಕಡೆಯ ನಮ್ಮ ಹಿಸ್ಟರಿ ಸರ್ಕಲ್‌ಗೆ ಹನ್ನೆರಡು ವರ್ಷ ನಾನು ಒಪ್ಪಿಸಿದ್ದು ಸಮೋಸಾ ಮಾತ್ರ! "ವಿಮಲಾ, ಯುವರ್ ಸಮೋಸಾಸ್ ಆರ್ ಹಿಸ್ಟಾರಿಕ್" ಎಂದು ಚೇರ್ಮನ್ ಹೆರಾಲ್ಡ್ ಪ್ರತಿ ಸಲವೂ ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಈ ವರ್ಷ ಭಾಷಣಕಾರರೊಬ್ಬರು ಕಾಯಿಲೆ ಬಿದ್ದರು. ತಕ್ಷಣ ಕೈ ಎತ್ತಿದೆ. ವಿಷಯ: ಅಲ್ಲಿನ ಹಳೇ ಚರ್ಚಿನಲ್ಲಿ ಗೋರಿಯ ಮೇಲೆ ಕಲ್ಲಾಗಿ ಮಲಗಿರುವ ಮಧ್ಯಯುಗದ ಸಿರಿವಂತ ಸರ್ ರೋಜರ್‌ನ ಜೀವನ ಮತ್ತು ವಂಶ.

ಹೆರಾಲ್ಡ್ ತನ್ನ ದಪ್ಪ ಫೈಲನ್ನು ಚಾಚಿದ. "ಇದನ್ನೊಮ್ಮೆ ನೋಡಿ. ವಂಶ ಸ್ವಲ್ಪ ಟ್ರಿಕಿ."

"ನೋ ಥ್ಯಾಂಕ್ಯೂ!" ಎಂದೆ. ಸಮೋಸಾ ಮಡಿಸುವವಳಿಗೆ ವಂಶ ಅರ್ಥವಾಗುವುದಿಲ್ಲವೇ?

ಚರ್ಚಿನ ಶಾಸನಗಳನ್ನು ನಾನೇ ಬರೆದುಕೊಂಡೆ. ಒಂದರಲ್ಲಿ ಸರ್ ರೋಜರ್, ಪತ್ನಿ ಮಟಿಲ್ಡಾ. ಇನ್ನೊಂದರಲ್ಲಿ ಸರ್ ರೋಜರ್, ಪತ್ನಿ ಆಗ್ನೆಸ್. ಸರಿ, ಇಬ್ಬರು ಹೆಂಡತಿಯರು! ರೇನರ್ಸ್ ಲೇನ್‌ನ ನಮ್ಮ ಮನೆಯ ಡೈನಿಂಗ್ ಟೇಬಲ್ ತುಂಬ ವಂಶವೃಕ್ಷ ಹರಡಿತು. ರಿಟೈರಾದ ಡಾಕ್ಟರು, ಅಂದರೆ ನಮ್ಮ ಯಜಮಾನರು, ಕನ್ನಡಕ ಏರಿಸಿ ನೋಡಿದರು.

"ಏನೇ ಇದು? ಇವನು ತೊಂಬತ್ತೆಂಟನೇ ವಯಸ್ಸಲ್ಲಿ ಕುದುರೆ ಹತ್ತಿ ಯುದ್ಧಕ್ಕೆ ಹೋದನಾ? ಅಪ್ಪ ಮಗ ಇಬ್ಬರೂ ರೋಜರ್ ಇರಬಹುದಲ್ವೇನೇ?"

"ನಿಮಗೆ ಮಂಡಿ ನೋವು ಅಂದ್ರೆ ಊರಿಗೆಲ್ಲಾ ನೋವಾ? ತಾತನ ಹೆಸರು ಮೊಮ್ಮಗನಿಗೆ ಇಡ್ತಾರೆ ರೀ, ಅಪ್ಪನ ಹೆಸರು ಮಗನಿಗೆ ಯಾರಿಡ್ತಾರೆ? ಮಗನಿಗೆ ಬೈಬೇಕು ಅಂದ್ರೆ ಆ ಮಟಿಲ್ಡಾ ಗಂಡನ ಹೆಸರು ಹಿಡಿದು ಕೂಗಬೇಕಾ? ಸುಮ್ನೆ ಕೂತ್ಕೊಳ್ಳಿ!"

ನಲವತ್ತೊಂಬತ್ತು ವರ್ಷಗಳ ಸಂಸಾರದಲ್ಲಿ ನಾನು ಇವರ ಹೆಸರು ಹಿಡಿದು ಕರೆದವಳಲ್ಲ. ಮಟಿಲ್ಡಾಳ ಕಷ್ಟ ನನಗಲ್ಲದೆ ಇನ್ಯಾರಿಗೆ ಗೊತ್ತು!

ಭಾಷಣದ ದಿನ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಹೆರಾಲ್ಡ್, ಪಕ್ಕದಲ್ಲಿ ಅವನ ಮಗ ಹ್ಯಾರಿ. ಪೀಠಿಕೆಯಾಗಿ ಮೂರೂ ಎಡ್ವರ್ಡ್‌ಗಳನ್ನು ಒಪ್ಪಿಸಿದೆ. ಆಮೇಲೆ ಸರ್ ರೋಜರ್ ಎರಡು ಯುದ್ಧ ಗೆದ್ದ. ಎರಡು ಸಲ ಸತ್ತ! ಮೊದಲನೆಯದು ಸುಳ್ಳು ಸುದ್ದಿಯಿರಬೇಕೆಂದು ಸಭೆಗೆ ನಾನೇ ಸಮಾಧಾನ ಹೇಳಿದೆ. ಮಟಿಲ್ಡಾ ತೀರಿಕೊಂಡ ಮೇಲೆ ಆಗ್ನೆಸಳನ್ನು ಮದುವೆಯಾದ ಎನ್ನುವಾಗ ಹೆರಾಲ್ಡ್ ಕೈ ಎತ್ತಿದ.

"ವಿಮಲಾ, ಮಟಿಲ್ಡಾ ಅವನ ತಾಯಿ."

ಗೌರವಸ್ಥ ಮನೆತನದ ಮಗನಿಗೆ ನಾನು ಹೆತ್ತ ತಾಯಿಯನ್ನೇ ಮದುವೆ ಮಾಡಿಸಿದ್ದೆ! ಅಲ್ಲಿಗೇ ಬಾಯಿ ಮುಚ್ಚಬಹುದಿತ್ತು. ಸಿಟ್ಟು ಬಿಡಬೇಕಲ್ಲ!

"ಇಂಪಾಸಿಬಲ್! ಮರ್ಯಾದಸ್ಥರು ಯಾರಾದರೂ ಅಪ್ಪನ ಹೆಸರನ್ನೇ ಮಗನಿಗೆ ಇಡುತ್ತಾರೆಯೇ?" ಎಂದು ಇಂಗ್ಲಿಷಿನಲ್ಲಿ ಗುಡುಗಿದೆ.

ಹೆರಾಲ್ಡ್ ಮೆಲ್ಲನೆ ಎದ್ದು ನಿಂತ. "ನಮ್ಮಪ್ಪ ಹೆರಾಲ್ಡ್. ನಾನು ಹೆರಾಲ್ಡ್." ಮಗನ ಹೆಗಲ ಮೇಲೆ ಕೈಯಿಟ್ಟ. "ಇವನೂ ಹೆರಾಲ್ಡ್, ಮನೆಯಲ್ಲಿ ಹ್ಯಾರಿ ಅಂತೀವಿ. ನೀವೀಗ ಹೇಳಿದ ಮೂರು ಎಡ್ವರ್ಡ್‌ಗಳು ಕೂಡ ಅಪ್ಪ, ಮಗ, ಮೊಮ್ಮಗ ಅಲ್ಲವೇ?"

ಸಿಸ್ಟರ್ ಬೆನಿಟಾ ನನಗೆ ನಂಬರ್ ಕಲಿಸಿದ್ದರು. ನೆಂಟಸ್ತನ ಕಲಿಸಿರಲಿಲ್ಲ.

ವಾಪಸು ಬರುವಾಗ ಯಜಮಾನರು ಸ್ಟಿಯರಿಂಗ್ ಹಿಡಿದು ಭುಜ ಕುಣಿಸಿಕೊಂಡು ನಗುತ್ತಲೇ ಇದ್ದರು. ನನಗೆ ತಡೆಯಲಾಗಲಿಲ್ಲ.

"ನಗಬೇಡಿ, ಶ್ರೀನಿವಾಸಮೂರ್ತೀ!" ಎಂದು ಕಿರುಚಿಬಿಟ್ಟೆ.

ಇವರು ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಕಣ್ಣೊರೆಸಿಕೊಂಡರು. "ನೋಡಿದ್ಯಾ? ಹೆಸರು ಹಿಡಿದು ಬೈಯೋದು ಎಷ್ಟು ಸುಲಭ! ಮಟಿಲ್ಡಾಗೂ ಕಷ್ಟ ಆಗಿರಲಿಕ್ಕಿಲ್ಲ ಬಿಡು."

ಮುಂದಿನ ತಿಂಗಳ ಭಾಷಣ ಹ್ಯಾರಿಯದಂತೆ. ಸಮೋಸಾ ನನ್ನದು. ಆಲೂಗೆಡ್ಡೆಯದು ಒಂದು ಡಬ್ಬಿ, ಬಟಾಣಿಯದು ಒಂದು. ಮುಚ್ಚಳಗಳ ಮೇಲೆ ಚೀಟಿ ಅಂಟಿಸಿದ್ದೇನೆ: ಸಮೋಸಾ ದಿ ಫಸ್ಟ್, ಸಮೋಸಾ ದಿ ಸೆಕೆಂಡ್. ನನ್ನಂಥವಳೊಬ್ಬಳು ಬಂದು ಎರಡೂ ಒಂದೇ ಎಂದು ಹಟ ಹಿಡಿದರೆ!